ಗಂಟೆಯ ಲೆಕ್ಕದಲ್ಲಿ ಚುಕ್ಕಿಯ ಚೇಷ್ಟೆ

ಗಂಟೆಗೆ ಅರವತ್ತು ನಿಮಿಷ. ಪ್ರಾಥಮಿಕ ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ ಇದು. ಆದರೂ ಕಾಲೇಜು ವಿದ್ಯಾರ್ಥಿಗಳು, ಎಷ್ಟೋ ವೇಳೆ ದೊಡ್ಡವರು ಕೂಡ ಎಡವುವುದು ಇದೇ ಲೆಕ್ಕದಲ್ಲಿ. ಬಸ್ಸು ಬೆಳಿಗ್ಗೆ 8.50ಕ್ಕೆ ಹೊರಟು 10.45ಕ್ಕೆ ಊರು ಸೇರಿತು ಎನ್ನೋಣ. ಪ್ರಯಾಣಕ್ಕೆ ಹಿಡಿದ ಸಮಯವೆಷ್ಟು? ಕ್ಯಾಲ್ಕುಲೇಟರಿನಲ್ಲಿ ಕಳೆದರೆ 1.95 ಎಂದು ಬರುತ್ತದೆ. ನಿಜವಾದ ಉತ್ತರ 1 ಗಂಟೆ 55 ನಿಮಿಷ, ಅಂದರೆ 115 ನಿಮಿಷ.

ತಪ್ಪು ಯಂತ್ರದ್ದಲ್ಲ, ಚುಕ್ಕಿಯದು. ಮದುವೆಯ ಕರೆಯೋಲೆಯಿಂದ ಹಿಡಿದು ಶಾಲೆಯ ವೇಳಾಪಟ್ಟಿಯವರೆಗೆ ಗಂಟೆ ಮತ್ತು ನಿಮಿಷಗಳ ನಡುವೆ ಚುಕ್ಕಿ ಇಡುವುದು ಕನ್ನಡದಲ್ಲಿ ರೂಢಿ. ಆದರೆ ಅದು ದಶಮಾಂಶ ಬಿಂದುವಲ್ಲ. ಗಂಟೆಯನ್ನೂ ನಿಮಿಷವನ್ನೂ ಬೇರೆ ಮಾಡಿ ತೋರಿಸುವ ಗುರುತು ಅಷ್ಟೆ. ದಶಮಾಂಶದಲ್ಲಿ ನೂರು ತುಂಬಿದರೆ ಒಂದು. ಗಡಿಯಾರದಲ್ಲಿ ಅರವತ್ತು ತುಂಬಿದರೆ ಒಂದು.

ಬರವಣಿಗೆ ತಪ್ಪಿದರೂ ಆಡುಮಾತು ಇಲ್ಲಿ ತಪ್ಪುವುದಿಲ್ಲ. 'ಒಂದೂಕಾಲು ಗಂಟೆ' ಎಂದಾಗ ಕಾಲು ಎನ್ನುವುದು ಗಂಟೆಯ ನಾಲ್ಕನೇ ಒಂದು ಭಾಗ, ಅಂದರೆ 15 ನಿಮಿಷ. ಆದ್ದರಿಂದ ಒಂದೂಕಾಲು ಗಂಟೆಗೆ 75 ನಿಮಿಷ, ಒಂದೂವರೆಗೆ 90, ಒಂದೂಮುಕ್ಕಾಲಿಗೆ 105. ಇದೇ ಮೂರನ್ನು ದಶಮಾಂಶದಲ್ಲಿ ಬರೆದರೆ 1.25, 1.5 ಮತ್ತು 1.75; ಗಡಿಯಾರದ ರೀತಿಯಲ್ಲಿ ಬರೆದರೆ 1.15, 1.30 ಮತ್ತು 1.45. ಈ ಎರಡು ಸಾಲುಗಳನ್ನು ಕಲಸಿದಾಗಲೇ ಎಡವಟ್ಟು.

ಎಂಟು ನಿಮಿಷದ ನಷ್ಟ

ಪರೀಕ್ಷೆಯ ಕೊಠಡಿಯಲ್ಲಿ ಈ ಎಡವಟ್ಟಿಗೆ ಬೆಲೆ ತೆರಬೇಕಾಗುತ್ತದೆ. 2025ರ ಸಿಇಟಿಯಲ್ಲಿ ಭೌತಶಾಸ್ತ್ರದ ಪರೀಕ್ಷೆ ಬೆಳಿಗ್ಗೆ 10.30ರಿಂದ 11.50ರವರೆಗೆ ನಡೆಯಿತು. ಪ್ರಶ್ನೆಗಳು 60. ಅವಧಿ 1.20 ಎಂದು ಬರೆದುಕೊಂಡು ಅದನ್ನು 60ರಿಂದ ಗುಣಿಸಿದರೆ 72 ನಿಮಿಷ ಬರುತ್ತದೆ. ಆದರೆ 1 ಗಂಟೆ 20 ನಿಮಿಷಕ್ಕೆ 80 ನಿಮಿಷ. 72 ನಿಮಿಷಕ್ಕೆಂದು ಅಭ್ಯಾಸ ಮಾಡಿದವರು ಪ್ರಶ್ನೆಗೆ 72 ಸೆಕೆಂಡಿನಂತೆ ಓಡುತ್ತಾರೆ. ಸರಿಯಾಗಿ ಲೆಕ್ಕ ಹಾಕಿದವರಿಗೆ 80 ಸೆಕೆಂಡು ಸಿಗುತ್ತದೆ. ಉಳಿಯುವ ಎಂಟು ನಿಮಿಷದಲ್ಲಿ ಆರು ಪ್ರಶ್ನೆಗಳನ್ನು ಬಿಡಿಸಬಹುದು.

ಅದೇ ವರ್ಷದ ನೀಟ್ ಪರೀಕ್ಷೆಯ ಅವಧಿ 3 ಗಂಟೆ, ಪ್ರಶ್ನೆ 180. ಗಂಟೆಯನ್ನು ನಿಮಿಷ ಮಾಡಿದ ಕೂಡಲೇ ಪ್ರಶ್ನೆಗೆ ಒಂದೇ ನಿಮಿಷ ಎಂಬುದು ಕಣ್ಣಿಗೆ ಕಟ್ಟುತ್ತದೆ. ಬರೆಯುವ ಪರೀಕ್ಷೆಯಲ್ಲೂ ಇದೇ ಕ್ರಮ ಅನುಕೂಲ. ಮೂರು ಗಂಟೆಯಲ್ಲಿ 80 ಅಂಕದ ಪತ್ರಿಕೆ ಬರೆಯಬೇಕಿದ್ದರೆ 180 ನಿಮಿಷದಲ್ಲಿ ಮೊದಲು 20 ನಿಮಿಷವನ್ನು ತಿರುಗಿ ನೋಡಲು ಎತ್ತಿಡಬೇಕು. ಉಳಿದ 160 ನಿಮಿಷವನ್ನು 80ರಿಂದ ಭಾಗಿಸಿದರೆ ಅಂಕಕ್ಕೆ ಎರಡು ನಿಮಿಷ. ನಾಲ್ಕು ಅಂಕದ ಪ್ರಶ್ನೆಗೆ ಎಂಟು ನಿಮಿಷ ಮೀರಿತೆಂದರೆ ಮುಂದಿನ ಪ್ರಶ್ನೆಯ ಪಾಲನ್ನು ಕಬಳಿಸಿದಂತೆ.

ಹೋಗುವ ದಾರಿ, ಬರುವ ದಾರಿ

ಗಂಟೆಯನ್ನು ನಿಮಿಷ ಮಾಡಲು 60ರಿಂದ ಗುಣಿಸಬೇಕು. ಬಾಯಿಲೆಕ್ಕದಲ್ಲಿ ಆರರ ಮಗ್ಗಿ ಸಾಕು: ಏಳು ಗಂಟೆ ಎಂದರೆ ಏಳಾರು ನಲವತ್ತೆರಡು, ಮುಂದೊಂದು ಸೊನ್ನೆ, 420. ಬಿಡಿ ನಿಮಿಷಗಳನ್ನು ಕೊನೆಗೆ ಕೂಡಿಸಿದರಾಯಿತು.

ನಿಮಿಷವನ್ನು ಗಂಟೆ ಮಾಡುವಾಗ 60ರಿಂದ ಭಾಗಿಸಬೇಕು, ಶೇಷವೇ ನಿಮಿಷ. 200 ನಿಮಿಷವನ್ನು ಭಾಗಿಸಿದರೆ ಭಾಗಲಬ್ಧ 3, ಶೇಷ 20. ಅಂದರೆ 3 ಗಂಟೆ 20 ನಿಮಿಷ. ಕ್ಯಾಲ್ಕುಲೇಟರ್ ತೋರಿಸುವ 3.33 ಎಂಬುದನ್ನು 33 ನಿಮಿಷವೆಂದು ಓದಬಾರದು.

ಮನೆಯ ವಿದ್ಯುತ್ ಲೆಕ್ಕದಲ್ಲಿ ಈ ಹಿಂದಿರುಗುವ ದಾರಿಯೇ ಬೇಕು. ಸಾವಿರ ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. 2000 ವ್ಯಾಟಿನ ಗೀಸರ್ ದಿನಕ್ಕೆ 15 ನಿಮಿಷ ಕಾಯ್ದರೆ ಅದು 0.25 ಗಂಟೆ, ಖರ್ಚು ಅರ್ಧ ಯೂನಿಟ್, 30 ದಿನಕ್ಕೆ 15 ಯೂನಿಟ್. 15 ನಿಮಿಷವನ್ನು 0.15 ಎಂದು ಹಿಡಿದರೆ ಲೆಕ್ಕ ಒಂಬತ್ತಕ್ಕೇ ನಿಲ್ಲುತ್ತದೆ, ಬಿಲ್ಲು ಮಾತ್ರ ನಿಲ್ಲುವುದಿಲ್ಲ!

ಅರವತ್ತೇ ಏಕೆ?

ಅರವತ್ತನ್ನು ಆಧಾರವಾಗಿ ಇಟ್ಟುಕೊಂಡು ಎಣಿಸುವ ಪದ್ಧತಿ ಪ್ರಾಚೀನ ಬ್ಯಾಬಿಲೋನಿಯದ್ದು. ನೂರನ್ನು ಮೂರು ಸಮಭಾಗ ಮಾಡಿದರೆ ಶೇಷ ಉಳಿಯುತ್ತದೆ; ಅರವತ್ತು 2, 3, 4, 5, 6, 10, 12 ಎಲ್ಲಕ್ಕೂ ಶೇಷವಿಲ್ಲದೆ ಭಾಗವಾಗುತ್ತದೆ. ಪಂಚಾಂಗದಲ್ಲೂ ದಿನಕ್ಕೆ 60 ಘಳಿಗೆ. ಒಂದು ಘಳಿಗೆಗೆ 24 ನಿಮಿಷ. ಎರಡೂವರೆ ಘಳಿಗೆ ಸೇರಿದರೆ ಒಂದು ಗಂಟೆ. ಕ್ರಾಂತಿಯ ಕಾಲದ ಫ್ರಾನ್ಸ್ 1793ರಲ್ಲಿ ದಿನಕ್ಕೆ ಹತ್ತು ಗಂಟೆ, ಗಂಟೆಗೆ ನೂರು ನಿಮಿಷ ಎಂದು ಕಾನೂನು ಮಾಡಿತು. ಲೆಕ್ಕ ಸುಲಭವಾಯಿತು, ಜನರಿಗೆ ಒಗ್ಗಲಿಲ್ಲ. 1795ರಲ್ಲಿ ಅದನ್ನು ಕೈಬಿಡಲಾಯಿತು.

ತಂದೆತಾಯಿಗಳು ಮಕ್ಕಳಿಗೆ ಓದಿನ ವೇಳಾಪಟ್ಟಿ ಹಾಕಿಕೊಡುವಾಗಲೂ 'ಎರಡು ಗಂಟೆ ಓದು' ಎನ್ನುವುದಕ್ಕಿಂತ ನಿಮಿಷಗಳಲ್ಲಿ ಹಂಚಿಕೊಡುವುದು ಒಳ್ಳೆಯದು. ಬೆಳಿಗ್ಗೆ 5.30ರಿಂದ 7.15ರವರೆಗೆ 105 ನಿಮಿಷ. ಗಣಿತಕ್ಕೆ 45, ನಡುವೆ ಬಿಡುವು 15, ವಿಜ್ಞಾನಕ್ಕೆ 45. ಗಂಟೆಯಲ್ಲಿ ಹೇಳಿದಾಗ ಕಾಣದೆ ಉಳಿಯುವ ಬಿಡುವು ನಿಮಿಷದಲ್ಲಿ ಬರೆದಾಗ ಕಾಣುತ್ತದೆ.

ಮಾಡಿ ನೋಡಿ: (1) ಎರಡೂಮುಕ್ಕಾಲು ಗಂಟೆಗೆ ಎಷ್ಟು ನಿಮಿಷ? (2) ಗಂಟೆಗೆ 40 ಕಿಲೋಮೀಟರ್ ವೇಗದ ಬಸ್ಸು 30 ಕಿಲೋಮೀಟರ್ ಹೋಗಲು ಎಷ್ಟು ನಿಮಿಷ ಬೇಕು? (3) ಬೆಳಿಗ್ಗೆ 9.40ಕ್ಕೆ ಶುರುವಾದ 150 ನಿಮಿಷದ ಪರೀಕ್ಷೆ ಎಷ್ಟು ಹೊತ್ತಿಗೆ ಮುಗಿಯುತ್ತದೆ?

ಉತ್ತರ: (1) 165 (2) 45, 75 ಅಲ್ಲ (3) ಮಧ್ಯಾಹ್ನ 12.10