ಸಿಡಿಗೆ ಕಾಂತ ಹಿಡಿಯುತ್ತದೆಯೇ?

ಟೇಪ್ ರೆಕಾರ್ಡರಿನ ಹೆಡ್ಡಿಗೆ ಹಿಡಿದ ಕಾಂತತೆಯನ್ನು ಆಗಾಗ ತೆಗೆಯುವುದು ಒಂದು ಕಾಲಕ್ಕೆ ಅಗತ್ಯದ ಕೆಲಸವೇ ಆಗಿತ್ತು. ಕ್ಯಾಸೆಟ್ಟಿನ ಪಟ್ಟಿಗೆ ಬಳಿದ ಐರನ್ ಆಕ್ಸೈಡ್ ಪುಡಿಯಲ್ಲಿ ಹಾಡು ಕಾಂತತೆಯ ರೂಪದಲ್ಲೇ ಕೂತಿರುತ್ತಿತ್ತು. ಹೆಡ್ಡಿಗೆ ಕಾಂತ ಹಿಡಿದರೆ ಹಿನ್ನೆಲೆಯ ಬುಸುಗುಟ್ಟುವ ಸದ್ದು ಹೆಚ್ಚಿ, ತಾರಸ್ವರಗಳು ಮಂಕಾಗುತ್ತಿದ್ದವು. ಆ ಶಿಸ್ತಿನಲ್ಲಿ ಬೆಳೆದ ಸಂಗೀತಪ್ರಿಯರಿಗೆ ಸಿಡಿಗೂ ಅದೇ ಉಪಚಾರ ಬೇಕೆಂದರೆ ನಂಬಿಕೆ ಬರುವುದು ಸಹಜ. ಜಪಾನಿನ ಫುರುಟೆಕ್‌ನಂಥ ಕಂಪನಿಗಳು ಇದಕ್ಕೆಂದೇ ದುಬಾರಿ ಯಂತ್ರಗಳನ್ನು ಮಾರಿವೆ. ಆದರೆ ಸಿಡಿಯ ಕಥೆಯೇ ಬೇರೆ. ಸೋನಿ ಮತ್ತು ಫಿಲಿಪ್ಸ್ 1982ರಲ್ಲಿ ಮಾರುಕಟ್ಟೆಗೆ ತಂದ ಈ ತಟ್ಟೆ 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಅದರಲ್ಲಿ ಸುಮಾರು ಅರ್ಧ ಮೈಕ್ರಾನ್ ಅಗಲದ ಗುಳಿಗಳ ಸುರುಳಿಸಾಲು, ಅದರ ಮೇಲೆ ಅಲ್ಯುಮಿನಿಯಮ್ಮಿನ ತೆಳುಲೇಪ. ಪ್ಲೇಯರ್ 780 ನ್ಯಾನೋಮೀಟರ್ ತರಂಗದ ಲೇಸರ್ ಬೆಳಕನ್ನು ಹಾಯಿಸಿ, ಮರಳಿ ಬರುವ ಬೆಳಕಿನ ಏರಿಳಿತವನ್ನಷ್ಟೇ ಅಂಕಿಗಳಾಗಿ ಓದುತ್ತದೆ. ಅಲ್ಯುಮಿನಿಯಮ್ಮಾದರೋ ಅಯಸ್ಕಾಂತ ಪಕ್ಕದಲ್ಲಿರುವಾಗ ಅತ್ಯಲ್ಪವಾಗಿ ಸ್ಪಂದಿಸಿ, ಅದು ದೂರವಾದೊಡನೆ ಎಲ್ಲವನ್ನೂ ಬಿಟ್ಟುಕೊಡುವ ಲೋಹ.

ಯಂತ್ರದ ಪರವಾಗಿ ಮಾತನಾಡುವವರ ಬಳಿ ಉತ್ತರವಿಲ್ಲದಿಲ್ಲ. ಅಲ್ಯುಮಿನಿಯಮ್ಮಿನಲ್ಲಿ ಕಬ್ಬಿಣದ ಕಲ್ಮಶವಿರುತ್ತದೆ, ಲೇಬಲ್ಲಿನ ಶಾಯಿಯಲ್ಲಿ ನಿಕ್ಕಲ್, ಕೋಬಾಲ್ಟ್ ಇರಬಹುದು ಎನ್ನುತ್ತಾರೆ. ಇರಲಿ, ಒಪ್ಪಿಕೊಳ್ಳೋಣ. ಹಾಗಿದ್ದರೂ ಪ್ಲೇಯರಿನ ಒಳಗೆ ಒಮ್ಮೆ ಇಣುಕಬೇಕು. ಲೇಸರಿನ ಲೆನ್ಸನ್ನು ಮೇಲೆ ಕೆಳಗೆ ಆಡಿಸಲು ಅದರ ಮಗ್ಗುಲಲ್ಲೇ ಕಾಯಂ ಅಯಸ್ಕಾಂತಗಳಿವೆ, ಅದೂ ತಿರುಗುವ ತಟ್ಟೆಯಿಂದ ಕೆಲವೇ ಮಿಲಿಮೀಟರ್ ಕೆಳಗೆ. ಅನೇಕ ಪ್ಲೇಯರುಗಳಲ್ಲಿ ತಟ್ಟೆಯನ್ನು ಮೇಲಿನಿಂದ ಅದುಮಿ ಹಿಡಿಯುವುದೂ ಅಯಸ್ಕಾಂತವೇ. ಕಾಂತತೆ ತೊಳೆದ ಸಿಡಿ ಹಾಡು ಶುರುವಾಗುವ ಮೊದಲೇ ಮತ್ತೆ ಅಯಸ್ಕಾಂತಗಳ ನಡುವೆ ಸೇರಿಕೊಂಡಿರುತ್ತದೆ! ಇನ್ನು ಅಂಕಿಗಳು ಸರಿಯಿದ್ದರೂ ಅವು ಬರುವ ಹೊತ್ತು ಏರುಪೇರಾಗುತ್ತದೆ ಎಂಬ ವಾದ. ತಟ್ಟೆಯಿಂದ ಓದಿದ ಅಂಕಿಗಳು ನೇರವಾಗಿ ಸ್ಪೀಕರಿಗೆ ಹೋಗುವುದಿಲ್ಲ. ಮೆಮೊರಿಯಲ್ಲಿ ಕಾದು, ತಪ್ಪು ತಿದ್ದಿಸಿಕೊಂಡು, ಸ್ಫಟಿಕ ಗಡಿಯಾರದ ತಾಳಕ್ಕೆ ಸೆಕೆಂಡಿಗೆ 44,100ರಂತೆ ಹೊರಬೀಳುತ್ತವೆ.

ಅನುಮಾನ ಉಳಿದವರು ಮನೆಯಲ್ಲೇ ಪರೀಕ್ಷಿಸಬಹುದು. ಉಪಚಾರಕ್ಕೆ ಮುಂಚೆ ಮತ್ತು ನಂತರ ಸಿಡಿಯನ್ನು ಕಂಪ್ಯೂಟರಿಗೆ ನಕಲಿಸಿ, ಎರಡೂ ಫೈಲುಗಳನ್ನು ಬಿಟ್ ಬಿಟ್ಟಾಗಿ ಹೋಲಿಸಿದರೆ ಸಾಕು. ಅಳತೆಗೆ ಸಿಗದ್ದು ಕಿವಿಗೆ ಸಿಗುತ್ತದೆ ಎನ್ನುವವರನ್ನು ನಾನು ಸುಳ್ಳುಗಾರರೆನ್ನುವುದಿಲ್ಲ. ಅದೇ ಹಾಡನ್ನು ಎರಡನೇ ಸಲ ಗಮನವಿಟ್ಟು ಕೇಳಿದಾಗ ಮೊದಲು ತಪ್ಪಿಹೋದ ತಂಬೂರಿಯ ನಾದ ನಿಜಕ್ಕೂ ಕೇಳಿಸುತ್ತದೆ. ಬದಲಾದದ್ದು ಮಾತ್ರ ಸಿಡಿಯಲ್ಲ, ಗಮನ. ಹಾಗಾಗಿ ಯಾವುದು ಯಾವುದೆಂದು ತಿಳಿಯದಂತೆ ಬೇರೊಬ್ಬರಿಂದ ಹಾಕಿಸಿ ಕೇಳಬೇಕು. 20 ಸಲದಲ್ಲಿ 15 ಅಥವಾ ಹೆಚ್ಚು ಬಾರಿ ಸರಿಯಾಗಿ ಗುರುತಿಸುವುದು ಬರೀ ಅದೃಷ್ಟದಿಂದ ಆಗುವ ಸಾಧ್ಯತೆ ನೂರಕ್ಕೆ ಎರಡರಷ್ಟು ಮಾತ್ರ. ಅಷ್ಟು ಮಾಡಿ ತೋರಿಸಿದವರ ಮಾತನ್ನು ಕೇಳಲೇಬೇಕು.

ಸಿಡಿಯನ್ನು ನಿಜವಾಗಿ ಕೆಡಿಸುವುದು ಗೀರು. ಅದರಲ್ಲೂ ಲೇಬಲ್ ಇರುವ ಬದಿಯದು, ಏಕೆಂದರೆ ಅಲ್ಲಿ ಅಲ್ಯುಮಿನಿಯಮ್ಮಿಗೆ ತೆಳು ವಾರ್ನಿಷ್ಷೊಂದೇ ಕಾವಲು. ಕೆಳಬದಿಯನ್ನು ಒರೆಸುವಾಗ ಮೆತ್ತನೆಯ ಬಟ್ಟೆಯನ್ನು ನಡುವಿನಿಂದ ಅಂಚಿನತ್ತ ಎಳೆಯಬೇಕು. ಸುತ್ತ ತಿರುಗಿಸಿ ಒರೆಸಿದರೆ ಬೀಳುವ ಗೀರು ಗುಳಿಗಳ ಸಾಲಿನುದ್ದಕ್ಕೂ ಸಾಗಿ, ತಪ್ಪು ತಿದ್ದುವ ವ್ಯವಸ್ಥೆಯ ಕೈಗೆ ಮೀರುವಷ್ಟು ಅಂಕಿಗಳನ್ನು ಒಟ್ಟಿಗೇ ಮರೆಮಾಡುತ್ತದೆ.