ದಕ್ಷಿಣ ಬೆಂಗಳೂರಿನ ಕಟ್ಟಡಗಳೂ ಛಾಯಾಚಿತ್ರದ ಸಾಕ್ಷ್ಯವೂ

ಕಟ್ಟಡದ ಛಾಯಾಚಿತ್ರವನ್ನು ನಾವು ಸಾಮಾನ್ಯವಾಗಿ ನೆನಪಿನ ವಸ್ತುವೆಂದು ಎಣಿಸುತ್ತೇವೆ; ಪ್ರವಾಸಿಯು ಪರಸ್ಥಳದಲ್ಲಿ ಕಂಡುದನ್ನು ಮನೆಯವರಿಗೆ ತೋರಿಸಲೆಂದು ತೆಗೆದ ಚಿತ್ರ ಅದು. ಆದರೆ ಅದೇ ಚಿತ್ರವು ಕೆಲವು ಕಾಲದ ಮೇಲೆ ಚರಿತ್ರೆಗೆ ಆಧಾರವಾಗಿ ಒದಗುವುದುಂಟು. ಹಾಗೆ ಒದಗಬೇಕಾದರೆ ಅದರಲ್ಲಿ ಏನೇನು ಇರತಕ್ಕದ್ದು ಎಂಬುದನ್ನು ದಕ್ಷಿಣ ಬೆಂಗಳೂರಿನ ಕೆಲವು ಕಟ್ಟಡಗಳನ್ನು ಮುಂದಿಟ್ಟುಕೊಂಡು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಮೊದಲು ಗವಿಪುರದ ಗವಿ ಗಂಗಾಧರೇಶ್ವರ ದೇವಾಲಯವನ್ನು ತೆಗೆದುಕೊಳ್ಳೋಣ. ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣವು ನಂದಿಯ ಕೊಂಬುಗಳ ನಡುವೆ ಹಾಯ್ದು ಗುಹೆಯೊಳಗಿನ ಲಿಂಗವನ್ನು ಮುಟ್ಟುವುದನ್ನು ಕಾಣಲು ಇಲ್ಲಿ ಜನರು ಕಿಕ್ಕಿರಿದು ಸೇರುತ್ತಾರೆ. ಈ ಸಂಗತಿಯನ್ನು ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಬಿ. ಎಸ್. ಶೈಲಜಾ ಮೊದಲಾದವರು ಶಾಸ್ತ್ರೀಯವಾಗಿ ಪರಿಶೀಲಿಸಿ 2008ರಲ್ಲಿ ತಮ್ಮ ನಿರ್ಣಯಗಳನ್ನು ಪ್ರಕಟಿಸಿದರು. ಕಿರಣಸ್ಪರ್ಶವು ವರ್ಷಕ್ಕೆ ಎರಡು ಬಾರಿ, ಜನವರಿಯ ನಡುವಿನಲ್ಲಿ ಒಮ್ಮೆ, ನವೆಂಬರಿನ ಕೊನೆಯಲ್ಲಿ ಮತ್ತೊಮ್ಮೆ, ಸಂಭವಿಸುತ್ತದೆ. ಡಿಸೆಂಬರಿನ ಅಯನಾಂತಕ್ಕೆ ಹಿಂದೆಯೂ ಮುಂದೆಯೂ ಸಮಾನ ಅಂತರದಲ್ಲಿರುವ ದಿನಗಳಂದು ಸೂರ್ಯನು ಒಂದೇ ದಾರಿಯಲ್ಲಿ ಅಸ್ತಮಿಸುವನಾದ್ದರಿಂದ ಇದು ಸಹಜವೇ ಸರಿ.

ನಮಗೆ ಇಲ್ಲಿ ಮುಖ್ಯವಾದದ್ದು ಬೇರೆ. ಈಗಿನ ಕಟ್ಟಡವನ್ನು ಅವರು ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ ರಚಿಸಿದ ಚಿತ್ರಗಳೊಡನೆ ಹೋಲಿಸಿದರು. ಆ ಆಂಗ್ಲ ಚಿತ್ರಕಾರರು 1792ರಲ್ಲಿ ದಕ್ಷಿಣ ಭಾರತದಲ್ಲಿ ಸಂಚರಿಸಿದವರು. ಅಂದಿನ ದೇವಾಲಯದಲ್ಲಿ ಇಂದಿರುವಷ್ಟು ಕಟ್ಟಡಗಳಿರಲಿಲ್ಲವೆಂಬುದೂ, ಗೋಡೆಮಂಟಪಗಳು ಸೇರಿಕೊಂಡಂತೆ ಗುಹೆಯೊಳಗೆ ಬೆಳಕು ಬೀಳುವ ಕಾಲವು ವ್ಯತ್ಯಾಸ ಹೊಂದಿತೆಂಬುದೂ ಈ ಹೋಲಿಕೆಯಿಂದ ವಿಶದವಾಯಿತು. ಡೇನಿಯಲ್ಲರ ಮನಸ್ಸಿನಲ್ಲಿದ್ದುದು ಇಂಗ್ಲೆಂಡಿನ ಕಲಾಪ್ರಿಯರೇ ಹೊರತು ಖಗೋಳಶಾಸ್ತ್ರವಲ್ಲ. ಆದರೂ ಕ್ಯಾಮೆರಾ ಅಬ್‌ಸ್ಕ್ಯುರಾ ಎಂಬ ಕತ್ತಲೆಪೆಟ್ಟಿಗೆಯೊಳಗೆ ಮಸೂರದಿಂದ ಬಿದ್ದ ಬಿಂಬವನ್ನು ನೋಡಿ ರೇಖೆಗಳನ್ನು ತಿದ್ದಿಕೊಳ್ಳುವ ಪದ್ಧತಿ ಅವರಲ್ಲಿದ್ದುದರಿಂದ, ಅವರ ಚಿತ್ರಗಳಲ್ಲಿ ಪ್ರಮಾಣಗಳು ಬಹುಮಟ್ಟಿಗೆ ನಂಬತಕ್ಕವಾಗಿವೆ. ಛಾಯಾಗ್ರಹಣದ ಪೆಟ್ಟಿಗೆಯು ಇದರ ಸಂತಾನವೇ.

ಛಾಯಾಚಿತ್ರವು ಬಂದ ಮೇಲೆ ಈ ಬಗೆಯ ಸಾಕ್ಷ್ಯ ಎಷ್ಟು ಬಲಗೊಂಡಿತೆಂಬುದಕ್ಕೆ ಹಂಪೆಯೇ ನಿದರ್ಶನ. ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ 1856ರಲ್ಲಿ ಮೇಣ ಸವರಿದ ಕಾಗದದ ನೆಗೆಟಿವುಗಳ ಮೇಲೆ ಅಲ್ಲಿಯ ಅವಶೇಷಗಳನ್ನು ಚಿತ್ರಿಸಿದನು. ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ 1980ರ ದಶಕದಲ್ಲಿ ಅವನು ನಿಂತಿದ್ದ ಜಾಗಗಳನ್ನು ಹುಡುಕಿ, ಅಲ್ಲಿಯೇ ನಿಂತು, ಅದೇ ನೋಟಗಳನ್ನು ಮತ್ತೆ ತೆಗೆದರು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಬಿದ್ದುಹೋದುದು ಯಾವುದು, ದುರಸ್ತಿಯಾದುದು ಯಾವುದು ಎಂಬುದನ್ನು ಕಲ್ಲು ಕಲ್ಲಾಗಿ ಗುರುತಿಸಬಹುದು. ಆದುದರಿಂದ ನಿಂತ ಜಾಗ, ಮುಖಮಾಡಿದ ದಿಕ್ಕು, ಮಸೂರದ ಎತ್ತರ, ದಿನ ಮತ್ತು ಗಂಟೆ ಇವು ಚಿತ್ರದ ಅಂಗಗಳೇ ಎಂದು ಭಾವಿಸತಕ್ಕದ್ದು. ಇಂದಿನ ಮೊಬೈಲ್ ಫೋನು ದಿನವನ್ನೂ ಗಂಟೆಯನ್ನೂ, ಅನುಮತಿ ಕೊಟ್ಟಿದ್ದರೆ ಸ್ಥಳವನ್ನೂ ತಾನೇ ದಾಖಲಿಸುತ್ತದೆ. ಆದರೆ ಚಿತ್ರವನ್ನು ವಾಟ್ಸಾಪಿನಲ್ಲಿ ಸಾಮಾನ್ಯ ರೀತಿಯಲ್ಲಿ ಕಳುಹಿಸಿದೊಡನೆ ಈ ವಿವರಗಳು ಅದರಿಂದ ಕಳಚಿಹೋಗುತ್ತವೆ.

ಗಂಟೆಯ ಮಾತು ಬಂದುದರಿಂದ ಬೆಳಕಿನ ವಿಷಯವನ್ನು ಸ್ವಲ್ಪ ವಿಸ್ತರಿಸಬೇಕು. ಪಾಶ್ಚಾತ್ಯ ನಗರಗಳನ್ನು ಕಂಡು ಬರೆದ ಕೈಪಿಡಿಗಳ ಸೂಚನೆಗಳು ನಮ್ಮಲ್ಲಿಗೆ ಹಾಗೆಹಾಗೆಯೇ ಒಪ್ಪುವುದಿಲ್ಲ. ಲಂಡನ್ನಿನಲ್ಲಿ ನಡುಹಗಲ ಸೂರ್ಯ ಯಾವಾಗಲೂ ದಕ್ಷಿಣಕ್ಕಿರುತ್ತಾನೆ. ಡಿಸೆಂಬರಿನಲ್ಲಿ ಅವನ ಎತ್ತರ ಸುಮಾರು 15 ಡಿಗ್ರಿ, ಜೂನಿನಲ್ಲಿ ಸುಮಾರು 62. ಉತ್ತರ ಅಕ್ಷಾಂಶ 13ರ ಬಳಿ ಇರುವ ಬೆಂಗಳೂರಿನಲ್ಲಾದರೋ ಡಿಸೆಂಬರಿನಲ್ಲಿಯೂ ಅವನು 54 ಡಿಗ್ರಿಗಳಷ್ಟು ಏರುತ್ತಾನೆ. ಏಪ್ರಿಲ್ 24ರ ಸುಮಾರಿಗೆ ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿಯುವ ಸೂರ್ಯ ಆಗಸ್ಟ್ 18ರ ಸುಮಾರಿಗೆ ಮರಳುತ್ತಾನೆ. ಈ ನಾಲ್ಕು ತಿಂಗಳು ಉತ್ತರದ ಗೋಡೆಗೆ ನಡುಹಗಲಿನಲ್ಲಿಯೂ ಬಿಸಿಲು. ಉಬ್ಬುಕೆತ್ತನೆಯು ಅಲ್ಲಿ ಚೆನ್ನಾಗಿ ಕಾಣುವುದೂ ಆಗಲೇ.

ಲಾಲ್‌ಬಾಗಿನ ಗಾಜಿನ ಮನೆಗೆ ಶಂಕುಸ್ಥಾಪನೆಯಾದುದು 1889ರಲ್ಲಿ. ಅದಕ್ಕೆ ಮಾದರಿಯೆಂದು ಹೇಳುವ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ 1936ರಲ್ಲಿ ಬೆಂಕಿಗೆ ಆಹುತಿಯಾಯಿತು. 1850ರ ದಶಕದಲ್ಲಿ ಅದನ್ನು ಸಿಡನ್‌ಹ್ಯಾಮಿನಲ್ಲಿ ಮತ್ತೆ ಕಟ್ಟುತ್ತಿದ್ದಾಗ ಫಿಲಿಪ್ ಹೆನ್ರಿ ಡೆಲಮಾಟ್ ತೆಗೆದ ಛಾಯಾಚಿತ್ರಗಳಿಂದ ಅದರ ಕಬ್ಬಿಣದ ಹಂದರ ಏರಿದ ಕ್ರಮವನ್ನು ಇಂದಿಗೂ ಅಭ್ಯಾಸಮಾಡಬಹುದು. ಗಾಜಿನ ಮನೆಯನ್ನು ಚಿತ್ರಿಸುವಾಗ ಕ್ಯಾಮೆರವನ್ನು ಮೇಲಕ್ಕೆ ಓರೆಮಾಡಬಾರದು. ಮಾಡಿದರೆ ಕಂಬಗಳು ಮೇಲ್ಗಡೆ ಒಂದರ ಕಡೆಗೊಂದು ವಾಲಿದಂತೆ ತೋರುತ್ತವೆ. ದೂರ ಸರಿದು, ಕ್ಯಾಮೆರವನ್ನು ನೆಟ್ಟಗೆ ಹಿಡಿದು, ಬೇಡವಾದ ನೆಲದ ಭಾಗವನ್ನು ಆಮೇಲೆ ಕತ್ತರಿಸಿದರಾಯಿತು. ಫಲಪುಷ್ಪ ಪ್ರದರ್ಶನದ ಕಾಲದಲ್ಲಿ ಅಲ್ಲಿ ಕಟ್ಟಡವೇ ಕಾಣದಷ್ಟು ಜನ. ಆದರೂ ಅಂಥ ಒಂದು ಚಿತ್ರ ಇರುವುದು ಒಳ್ಳೆಯದು. ಅದು ಇರುವುದೇ ಅದಕ್ಕಾಗಿಯಲ್ಲವೆ?

ಬನ್ನೇರುಘಟ್ಟ ರಸ್ತೆಯ ಭಾರತೀಯ ನಿರ್ವಹಣಾ ಸಂಸ್ಥೆಯ ಕಟ್ಟಡಗಳು ಈ ವಿಧಾನಗಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಬಾಲಕೃಷ್ಣ ದೋಶಿಯವರು 1951ರಿಂದ 1954ರವರೆಗೆ ಪ್ಯಾರಿಸ್ಸಿನಲ್ಲಿ ಲ ಕಾರ್ಬೂಸಿಯೇನ ಬಳಿ ಕೆಲಸಮಾಡಿದವರು. ಪ್ರಿಟ್ಸ್‌ಕರ್ ಪಾರಿತೋಷಕವನ್ನು 2018ರಲ್ಲಿ ಪಡೆದ ಪ್ರಥಮ ಭಾರತೀಯರು. 1977ರಲ್ಲಿ ಆರಂಭವಾದ ಈ ರಚನೆಗೆ ಅವರು ಸ್ಫೂರ್ತಿ ಪಡೆದುದು ಮಾತ್ರ ಪ್ಯಾರಿಸ್ಸಿನಿಂದಲ್ಲ, ಫತೇಪುರ ಸಿಕ್ರಿಯ ಅಂಗಳಗಳಿಂದ. ಎಲ್ಲಿ ನಿಂತರೆ ಇಡೀ ಕಟ್ಟಡ ಕಾಣುತ್ತದೆಯೆಂದು ಹುಡುಕುವವನಿಗೆ ಇಲ್ಲಿ ನಿರಾಶೆಯೇ ಗತಿ. ಒರಟು ಬೂದುಗಲ್ಲಿನ ಗೋಡೆಗಳ ನಡುವೆ ಎತ್ತರವಾದ ಓಣಿಗಳು ಸಾಗುತ್ತವೆ. ಕೆಲವೆಡೆ ಮೇಲೆ ಚಾವಣಿ, ಕೆಲವೆಡೆ ಬರಿಯ ತೊಲೆಗಳ ಹಂದರ, ಕೆಲವೆಡೆ ಬಯಲು ಆಕಾಶ. ನಡೆಯುತ್ತ ಹೋದಂತೆ ನೆರಳೂ ಬಿಸಿಲೂ ಸರದಿಯಾಗಿ ಬರುವುದೇ ಇಲ್ಲಿಯ ವಾಸ್ತು. ಆದಕಾರಣ ಒಂದು ಸುಂದರ ಚಿತ್ರಕ್ಕಿಂತ, ಇಷ್ಟಿಷ್ಟು ಹೆಜ್ಜೆಗೆ ಒಂದರಂತೆ ಒಂದೇ ಮಸೂರದಿಂದ ತೆಗೆದ ಇಪ್ಪತ್ತು ಚಿತ್ರಗಳ ಸರಣಿಯೇ ಹೆಚ್ಚು ಸತ್ಯವನ್ನು ಹೇಳಬಲ್ಲುದು. ಛಾಯಾಗ್ರಾಹಕರು ದೂರುವ ನಡುಹಗಲೇ ಇಲ್ಲಿ ಪ್ರಶಸ್ತವೆಂದು ನನ್ನ ಅಭಿಪ್ರಾಯ: ಹಂದರದ ನೆರಳು ಆಗ ನೆಲದ ಮೇಲೆ ಪಟ್ಟೆಪಟ್ಟೆಯಾಗಿ ಇಳಿಯುತ್ತದೆ. ಮೊಬೈಲ್ ಫೋನು ಹಲವು ಚಿತ್ರಗಳನ್ನು ಕೂಡಿಸಿ ನೆರಳನ್ನು ತಾನಾಗಿಯೇ ತಿಳಿಗೊಳಿಸುವುದುಂಟು. ಕಟ್ಟಡಕ್ಕೆ ಅದರಿಂದ ಅನ್ಯಾಯವೇ. ಪ್ರವೇಶಕ್ಕೂ ಚಿತ್ರಗ್ರಹಣಕ್ಕೂ ಸಂಸ್ಥೆಯ ಅನುಮತಿಯನ್ನು ಮೊದಲೇ ಕೇಳಿಕೊಳ್ಳಬೇಕು.

ಮೇಲೆ ಹೇಳಿದವು ಹೆಸರಾದ ಕಟ್ಟಡಗಳು. ಅವುಗಳಿಗೆ ಚಿತ್ರಗಳ ಕೊರತೆಯಿಲ್ಲ. ಕೊರತೆಯಿರುವುದು 1948ರಲ್ಲಿ ಆರಂಭವಾದ ಜಯನಗರದ, ಅನಂತರ ಬೆಳೆದ ಬನಶಂಕರಿಯ ಸಾಮಾನ್ಯ ಮನೆಗಳಿಗೆ. ಕೆಂಪು ಗಾರೆಯ ನೆಲ, ಕಬ್ಬಿಣದ ಸರಳಿನ ಜಗಲಿ, ಕಿಟಕಿಯ ಮೇಲೆ ಸಜ್ಜ, ಕಾಂಪೌಂಡಿನೊಳಗೆ ಒಂದು ತೆಂಗಿನ ಮರ — ಇಂಥ ಮನೆಗಳು ಬಿದ್ದು ಅಲ್ಲಿ ನಾಲ್ಕಂತಸ್ತು ಏಳುವುದನ್ನು ವಾಚಕರು ದಿನವೂ ಕಾಣುತ್ತಿದ್ದಾರೆ. ಅವುಗಳಿಗೆ ಶಾಸನವಿಲ್ಲ, ಡೇನಿಯಲ್ಲರೂ ಬರಲಿಲ್ಲ. ಕಾಲೇಜಿನ ವಿದ್ಯಾರ್ಥಿಗಳು ಒಂದೊಂದು ಕ್ರಾಸನ್ನು ಹಂಚಿಕೊಂಡು, ಮನೆಯವರ ಒಪ್ಪಿಗೆ ಪಡೆದು, ರಸ್ತೆಯ ಆಚೆಯ ಬದಿಯಿಂದ ನೆಟ್ಟಗೆ ಒಂದು, ಮೂಲೆಯಿಂದ ಒಂದು, ಜಗಲಿಯದೊಂದು ಎಂದು ಮೂರು ಚಿತ್ರಗಳನ್ನು ತೆಗೆದರೆ ಸಾಕು. ಮನೆಯ ಆಲ್ಬಮ್ಮುಗಳನ್ನೂ ಕೇಳಿ ನೋಡಬೇಕು: ಗೃಹಪ್ರವೇಶದ ದಿನ ಗೇಟಿನ ಮುಂದೆ ನಿಂತವರ ಬೆನ್ನ ಹಿಂದೆ ಆ ಮನೆಯ ಮೊದಲ ರೂಪವೇ ಇರುತ್ತದೆ. ಮೈನ್, ಕ್ರಾಸ್, ದಿನಾಂಕಗಳನ್ನು ಪ್ರತಿಯ ಹಿಂಬದಿಯಲ್ಲಿ ಮೃದುವಾದ ಪೆನ್ಸಿಲಿನಿಂದ ಬರೆದಿಡುವುದು ಒಳ್ಳೆಯದು; ಪೆನ್ನಿನ ಶಾಯಿ ಕಾಲಕ್ರಮದಲ್ಲಿ ಮುಂಬದಿಗೆ ಊರಿಬರುವುದುಂಟು.