ಒಂದೇ ಮನೆಯ ಎರಡು ಗಂಡುನಾಯಿಗಳು

ಮರಿಗಳಾಗಿದ್ದಾಗ ಒಂದರ ಮೈಮೇಲೊಂದು ತಲೆಯಿಟ್ಟು ಮಲಗುತ್ತಿದ್ದ ಎರಡು ಗಂಡುನಾಯಿಗಳು, ಪ್ರಾಯಕ್ಕೆ ಬಂದ ಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಕಚ್ಚಾಡಿ ನೆತ್ತರು ಹರಿಸಿದಾಗ, ಎರಡನ್ನೂ ಮಕ್ಕಳಂತೆ ಸಾಕಿದ ಮನೆಯವರಿಗಾಗುವ ವ್ಯಥೆ ಸಾಮಾನ್ಯವಾದುದಲ್ಲ. ಕೆಲವರು ಹೆಚ್ಚು ಗುರುಗುಟ್ಟಿದುದನ್ನು ಹೊಡೆಯುತ್ತಾರೆ. ಕೆಲವರು ಕಿರಿಯದನ್ನು ಹಗಲಿರುಳೂ ಕಟ್ಟಿಹಾಕುತ್ತಾರೆ. ಇನ್ನು ಕೆಲವರು, ಯಾರು ಮೇಲೆಂಬುದನ್ನು ಅವೇ ತೀರ್ಮಾನಿಸಿಕೊಳ್ಳಲೆಂದು ಕೈಕಟ್ಟಿ ನಿಲ್ಲುತ್ತಾರೆ. ಈ ಮೂರೂ ಉಪಾಯಗಳು ವೈರವನ್ನು ಬಲಪಡಿಸುವುವೇ ಹೊರತು ಶಮನಗೊಳಿಸಲಾರವು.

ಮೂರನೆಯ ಉಪಾಯದ ಹಿಂದೆ ಒಂದು ಹಳೆಯ ಸಿದ್ಧಾಂತವಿದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ಪ್ರಾಣಿಶಾಸ್ತ್ರಜ್ಞನು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ಅವಲೋಕಿಸಿ ಬರೆದ ಪ್ರಬಂಧದಿಂದ, ತೋಳದ ಹಿಂಡೆಂದರೆ ಅಗ್ರಸ್ಥಾನಕ್ಕಾಗಿ ನಿತ್ಯವೂ ನಡೆಯುವ ಹೋರಾಟವೆಂಬ ಭಾವನೆ ಪ್ರಚಾರಕ್ಕೆ ಬಂದಿತು. ನಾಯಿಯೂ ತೋಳದ ಕುಲದ್ದೇ ಆದುದರಿಂದ ಅದೇ ನಿಯಮವನ್ನು ಮನೆಯಂಗಳಕ್ಕೂ ಅನ್ವಯಿಸಲಾಯಿತು. ಆದರೆ ಶೆಂಕೆಲ್ ಕಂಡ ತೋಳಗಳು ಇಕ್ಕಟ್ಟಾದ ಆವರಣದಲ್ಲಿ ಕೂಡಿಹಾಕಲ್ಪಟ್ಟ ಪ್ರಾಣಿಗಳು. ಕೆನಡಾದ ಎಲ್ಸ್‌ಮಿಯರ್ ದ್ವೀಪದ ಕಾಡುತೋಳಗಳನ್ನು ಅನೇಕ ಬೇಸಗೆಗಳಲ್ಲಿ ಸಮೀಪದಿಂದ ಕಂಡ ಡೇವಿಡ್ ಮೀಚ್, ಸಹಜ ಹಿಂಡೆಂಬುದು ತಂದೆತಾಯಿಗಳೂ ಅವರ ಮಕ್ಕಳೂ ಕೂಡಿದ ಒಂದು ಸಂಸಾರವೆಂದೂ, ಅಲ್ಲಿನ ಹಿರಿತನ ಕಾದಾಡಿ ಗೆದ್ದ ಪದವಿಯಲ್ಲವೆಂದೂ 1999ರಲ್ಲಿ ಸ್ಪಷ್ಟಪಡಿಸಿದರು. ಆದುದರಿಂದ ನಮ್ಮ ಪಡಸಾಲೆಯಲ್ಲಿ ಸಿಂಹಾಸನವನ್ನು ಹುಡುಕುವುದನ್ನು ಬಿಟ್ಟು, ಜಗಳ ಯಾವ ವಸ್ತುವಿಗಾಗಿ, ಯಾವ ಸ್ಥಳದಲ್ಲಿ, ಯಾವ ಹೊತ್ತಿನಲ್ಲಿ ಹುಟ್ಟುತ್ತದೆಂಬುದನ್ನು ನೋಡುವುದೇ ಯುಕ್ತ.

ವಯಸ್ಸು ಇಲ್ಲಿ ಮುಖ್ಯವಾದ ಸಂಗತಿ. ಗಂಡುನಾಯಿ ಆರರಿಂದ ಹನ್ನೆರಡು ತಿಂಗಳೊಳಗೆ ಸಾಮಾನ್ಯವಾಗಿ ಸಂತಾನಶಕ್ತಿಯನ್ನು ಪಡೆಯುತ್ತದೆಯಾದರೂ ಅದರ ಸ್ವಭಾವ ಬಲಿತು ನಿಲ್ಲುವುದು ಒಂದರಿಂದ ಮೂರು ವರ್ಷಗಳ ನಡುವೆ. ಅದುವರೆಗೆ ಹಿರಿಯದಕ್ಕೆ ದಾರಿ ಬಿಡುತ್ತಿದ್ದ ಕಿರಿಯದು ಈ ಕಾಲದಲ್ಲಿ ಬಿಡಲೊಲ್ಲೆನೆನ್ನುತ್ತದೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಪಶುವೈದ್ಯರು ಒಂದೇ ಮನೆಯಲ್ಲಿ ಕಾದಾಡುತ್ತಿದ್ದ 38 ಜೋಡಿಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಐದು ಜೋಡಿಗಳಲ್ಲಿ ಹೆಚ್ಚುಕಡಿಮೆ ನಾಲ್ಕು ಒಂದೇ ಲಿಂಗದವಾಗಿದ್ದುವು. ಜಗಳವನ್ನು ಆರಂಭಿಸಿದುದು ಬಹುಮಟ್ಟಿಗೆ ಕಿರಿಯದು ಅಥವಾ ಹೊಸದಾಗಿ ಬಂದುದು. ನಿಮಿತ್ತಗಳಾದರೋ ಯಜಮಾನನ ಗಮನ, ಆಹಾರ, ಉದ್ರೇಕ, ಸಿಕ್ಕಿದ ಯಾವುದೋ ವಸ್ತು.

ಉದ್ರೇಕದ ಕ್ಷಣವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸಂಜೆ ಬಾಗಿಲ ಗಂಟೆ ಮೊಳಗುತ್ತದೆ. ಎರಡೂ ಬೊಗಳುತ್ತಾ ಓಡಿಬಂದು ಮೂರಡಿಯ ಬಾಗಿಲಲ್ಲಿ ಒಟ್ಟಿಗೆ ಸಿಕ್ಕಿಕೊಳ್ಳುತ್ತವೆ. ಹಿರಿಯದು ಸಟ್ಟನೆ ನಿಲ್ಲುತ್ತದೆ; ಬಾಲ ಮೇಲೇರಿ ಬಿಗಿಯಾಗಿ ನಡುಗುತ್ತದೆ, ಬಾಯಿ ಮುಚ್ಚುತ್ತದೆ, ಭುಜದ ಮೇಲಣ ಕೂದಲು ನಿಮಿರುತ್ತದೆ. ಕಿರಿಯದು ಅದರ ಹೆಗಲಿಗೆ ಅಡ್ಡವಾಗಿ ಗದ್ದವನ್ನಿಟ್ಟು ಕಣ್ಣು ಮಿಟುಕಿಸದೆ ದಿಟ್ಟಿಸುತ್ತದೆ. ಗುರುಗುಟ್ಟುವಿಕೆ ಬರುವುದು ಇವೆಲ್ಲದರ ಅನಂತರ. ಪೂರ್ವಸೂಚನೆಯಿಲ್ಲದೆ ಕಚ್ಚಿತೆಂದು ನಾವು ಹೇಳುವಾಗ ಕಂಡೂ ಓದದೆ ಬಿಟ್ಟ ಸೂಚನೆಗಳು ಇವೇ. ಗುರುಗುಟ್ಟಿದುದಕ್ಕೆ ಹೊಡೆದರಂತೂ ನಾಯಿ ಕಲಿಯುವುದು ಎಚ್ಚರಿಕೆ ಕೊಡಬಾರದೆಂಬುದನ್ನು. ಕೋಪವಾದರೋ ಒಳಗೆ ಹಾಗೆಯೇ ಉಳಿದು, ಮುಂದಿನ ಸಲ ನೇರವಾಗಿ ಹಲ್ಲಿಗಿಳಿಯುತ್ತದೆ.

ಜಗಳದ ನಿಮಿತ್ತಗಳನ್ನೂ ಸೂಚನೆಗಳನ್ನೂ ತಿಳಿದರೆ ಪರಿಹಾರದ ಮಾರ್ಗವೂ ತೋರುತ್ತದೆ. ಊಟವನ್ನು ಬೇರೆ ಬೇರೆ ಕೋಣೆಗಳಲ್ಲಿ, ಬಾಗಿಲು ಹಾಕಿ ಬಡಿಸಬೇಕು. ತಟ್ಟೆ ಬರಿದಾದೊಡನೆ ತೆಗೆದಿಡಬೇಕು. ಮೂಳೆ, ಚೆಂಡು ಮೊದಲಾದುವು ಒಟ್ಟಿಗಿರುವಾಗ ನೆಲದ ಮೇಲೆ ಬೀಳಕೂಡದು. ಕಾದಾಟ ನಡೆದ ಮನೆಯಲ್ಲಿ ಕೆಲವು ವಾರಗಳಾದರೂ ಎರಡನ್ನೂ ಅಗಲಿಸಿಟ್ಟು, ಒಂದು ಒಳಗಿದ್ದಾಗ ಮತ್ತೊಂದು ಅಂಗಳದಲ್ಲಿರುವಂತೆ ಸರದಿ ಗೊತ್ತುಮಾಡಬೇಕು. ಬಳಿಕ ಇಬ್ಬರು ಒಂದೊಂದನ್ನು ಹಗ್ಗದಲ್ಲಿ ಹಿಡಿದು, ಒಂದನ್ನೊಂದು ಕಂಡರೂ ಮೈ ಬಿಗಿಯದಷ್ಟು ದೂರದಲ್ಲಿ ಒಂದೇ ದಿಕ್ಕಿಗೆ ನಡೆಸುತ್ತಾ, ಶಾಂತವಾಗಿ ನಡೆದಾಗಲೆಲ್ಲ ತಿಂಡಿಯ ತುಣುಕು ಕೊಡುತ್ತಾ, ದಿನಗಳೆದಂತೆ ಆ ಅಂತರವನ್ನು ಕಡಿಮೆಮಾಡುತ್ತಾ ಬರಬೇಕು. ಗಾಳಿಯಾಡುವ ಬಾಯಿಕುಕ್ಕೆಯನ್ನು ಮೊದಲೇ ಅಭ್ಯಾಸ ಮಾಡಿಸಿದ್ದರೆ ಈ ಹಂತ ನಿರಪಾಯವಾಗುತ್ತದೆ.

ವೃಷಣಗಳನ್ನು ತೆಗೆಸಿದರೆ ಸಾಕೆಂಬ ನಂಬಿಕೆ ಬಹಳ ಹರಡಿದೆ. ಅದು ಅರ್ಧ ಸತ್ಯ. 57 ನಾಯಿಗಳನ್ನು ಕುರಿತು 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಅಲೆದಾಟ, ಮೈಮೇಲೇರುವಿಕೆ, ಮೂತ್ರದಿಂದ ಗುರುತುಮಾಡುವಿಕೆಗಳು ಬಹುಸಂಖ್ಯೆಯ ನಾಯಿಗಳಲ್ಲಿ ಅರ್ಧಕ್ಕಿಂತಲೂ ಇಳಿದುವು. ಮನೆಯ ಇತರ ನಾಯಿಗಳ ಮೇಲಣ ಆಕ್ರಮಣ ಅಷ್ಟು ತಗ್ಗಿದುದು ಮೂರನೆಯ ಒಂದು ಭಾಗದಷ್ಟರಲ್ಲಿ ಮಾತ್ರ. ಶಸ್ತ್ರಚಿಕಿತ್ಸೆಯ ಅನಂತರ ರಕ್ತದಲ್ಲಿ ಟೆಸ್ಟೋಸ್ಟೆರೋನ್ ಬೇಗನೆ ಕುಸಿಯುವುದು ನಿಜ. ಆದರೆ ಕಲಿತ ವೈರವೂ ಭಯವೂ ಅದರೊಡನೆ ಹೋಗವು. ಶಾಂತವಾಗಿದ್ದ ನಾಯಿ ಒಮ್ಮೆಗೇ ಸಿಡುಕತೊಡಗಿದರೆ ಮೊದಲು ಪಶುವೈದ್ಯರಲ್ಲಿಗೆ ಒಯ್ಯಬೇಕು. ಕಿವಿಯ ಕೀವು, ಸೊಂಟದ ಕೀಲುನೋವು ಎಷ್ಟೋ ಜಗಳಗಳ ಮೂಲವಾಗಿರುತ್ತವೆ.

ಇಷ್ಟಾಗಿಯೂ ಕಾದಾಟ ಹತ್ತಿದಲ್ಲಿ ನಡುವೆ ಕೈ ಹಾಕಬಾರದು, ಕೊರಳಪಟ್ಟಿಗೂ ಕೈಯೊಡ್ಡಬಾರದು. ನೀರೆರಚಬೇಕು, ಕಂಬಳಿ ಎಸೆಯಬೇಕು, ಇಲ್ಲವೆ ಹಲಗೆಯೊಂದನ್ನು ಅಡ್ಡ ನೂಕಬೇಕು. ಮನುಷ್ಯನಿಗೆ ಕಚ್ಚಿದರೆ ಗಾಯವನ್ನು ಸೋಪು ನೀರಿನಿಂದ 15 ನಿಮಿಷ ತೊಳೆದು, ರೇಬೀಸ್ ಚುಚ್ಚುಮದ್ದಿಗಾಗಿ ತಡವಿಲ್ಲದೆ ಆಸ್ಪತ್ರೆಗೆ ಹೋಗಬೇಕು.

ಎಲ್ಲ ಯತ್ನಗಳ ಬಳಿಕವೂ ಆಳವಾದ ಗಾಯಗಳೇ ಮರುಕಳಿಸುತ್ತಿದ್ದರೆ, ಎರಡನ್ನೂ ಶಾಶ್ವತವಾಗಿ ಬೇರೆಯಾಗಿಡುವುದು ಅಥವಾ ಒಂದಕ್ಕೆ ಯೋಗ್ಯವಾದ ಮತ್ತೊಂದು ಮನೆಯನ್ನು ಹುಡುಕುವುದು ಅವುಗಳ ಮೇಲಣ ಕರುಣೆಯೇ. ಆದರೆ ಬಹಳಷ್ಟು ಮನೆಗಳಲ್ಲಿ ಅಷ್ಟು ದೂರ ಹೋಗಬೇಕಾಗಿಲ್ಲ. ಎರಡನೆಯ ಗಂಡುಮರಿಯನ್ನು ತರಬೇಕೆಂದಿರುವವರು ತರುವ ಮುನ್ನವೇ ಎರಡು ತಟ್ಟೆ, ಎರಡು ಹಾಸಿಗೆ, ನಡುವೆ ಮುಚ್ಚಬಲ್ಲ ಒಂದು ಬಾಗಿಲು ಮನೆಯಲ್ಲಿವೆಯೇ ಎಂದು ನೋಡಿಕೊಳ್ಳಲಿ. ಇಲ್ಲವಾದರೆ ಒಂದನ್ನೇ ಚೆನ್ನಾಗಿ ಸಾಕಲಿ.